ಒಂದೇ ಕ್ಯಾನಿನ ಹಾಲು

ಚನ್ನರಾಯಪಟ್ಟಣದ ಕಡೆಯ ನಮ್ಮೂರಲ್ಲಿ ಬೆಳಗ್ಗೆ ಡೇರಿ ಮುಂದೆ ಸಾಲು ನಿಲ್ಲುತ್ತದೆ. ಸೆಕ್ರೆಟರಿ ಒಬ್ಬೊಬ್ಬರ ಹಾಲನ್ನೂ ಅಳೆದು, ಸ್ಯಾಂಪಲ್ ತೆಗೆದು, ಎಲ್ಲವನ್ನೂ ಒಟ್ಟಿಗೆ ಸುರಿಯುತ್ತಾರೆ. ಅಲ್ಲಿಗೆ ನಮ್ಮನೆ ಹಾಲು, ನಿಮ್ಮನೆ ಹಾಲು ಅನ್ನೋದು ಮುಗಿಯಿತು. ನಾನು ಚಿಕ್ಕವನಿದ್ದಾಗ ಒಂದು ಸಲ ಲಾರಿಗೆ ಹೋದ ಕ್ಯಾನುಗಳು ಹುಳಿ ಬಂದು ವಾಪಸ್ ಬಂದವು. ಯಾರದೋ ಮನೆಯವರು ಪಾತ್ರೆ ಸರಿಯಾಗಿ ತೊಳೆದಿರಲಿಲ್ಲ ಅಂತ ಮಾತು. ಯಾರು ಅಂತ ಕೊನೆಗೂ ಗೊತ್ತಾಗಲಿಲ್ಲ. ಆ ಸಲದ ಬಟವಾಡೆಯಲ್ಲಿ ದುಡ್ಡು ಕಡಿಮೆಯಾದದ್ದು ಮಾತ್ರ ಎಲ್ಲರಿಗೂ.

ಹಳ್ಳಿಯಲ್ಲಿ ಸಂಘ, ಜಿಲ್ಲೆಯಲ್ಲಿ ಒಕ್ಕೂಟ, ಬೆಂಗಳೂರಿನಲ್ಲಿ ಮಹಾಮಂಡಳಿ. ಎಲ್ಲರ ಪಾಲಿಗೂ ನಂದಿನಿ ಅನ್ನೋ ಒಂದೇ ಹೆಸರು. ದೇಶದೇಶಗಳ ಸೇವಾ ಸಂಸ್ಥೆಗಳು ಕಟ್ಟಿಕೊಂಡ ಒಕ್ಕೂಟಗಳ ಕಥೆಯೂ ಹೆಚ್ಚುಕಡಿಮೆ ಇದೇ.

ರೆಡ್ ಕ್ರಾಸ್ ತಗೊಳ್ಳಿ. ಅದರ ಸಂಸ್ಥೆಗಳ ಒಕ್ಕೂಟ ಹುಟ್ಟಿದ್ದು 1919ರಲ್ಲಿ. ಈಗ 190ಕ್ಕೂ ಹೆಚ್ಚು ದೇಶಗಳ ಸಂಸ್ಥೆಗಳು ಅದರಲ್ಲಿವೆ, ದೇಶಕ್ಕೊಂದೇ. ನಮ್ಮ ಭಾರತದ್ದು 1920ರ ಕಾಯ್ದೆಯಿಂದ ಹುಟ್ಟಿದ್ದು. ಅಂದರೆ ಇವು ಒಕ್ಕೂಟದ ಮುಖ್ಯ ಕಚೇರಿ ಇರುವ ಜಿನೀವಾದ ಬ್ರಾಂಚ್ ಆಫೀಸುಗಳಲ್ಲ. ಜಿನೀವಾದವರು ಫೋನ್ ಮಾಡಿ ದೆಹಲಿಯ ಅಧಿಕಾರಿಯನ್ನು ತೆಗೆದುಹಾಕೋಕೆ ಆಗಲ್ಲ. ಮಾನವೀಯತೆ, ಭೇದ ಮಾಡದಿರುವುದು, ಯಾರ ಪಕ್ಷವನ್ನೂ ಹಿಡಿಯದಿರುವುದು ಇತ್ಯಾದಿ ಏಳು ತತ್ವಗಳನ್ನು 1965ರಲ್ಲಿ ಎಲ್ಲರೂ ಸೇರಿ ಒಪ್ಪಿಕೊಂಡಿದ್ದಾರೆ. ಒಪ್ಪಿಕೊಂಡದ್ದನ್ನು ಪಾಲಿಸುತ್ತಿದ್ದಾರಾ ಅಂತ ಅಳೆಯೋದು ಹೇಗೆ?

ಇಲ್ಲಿ ಮತ್ತೆ ಡೇರಿಗೆ ಬರಬೇಕು. ಹಾಲಿನಲ್ಲಿ ತೇಲಿಬಿಡುವ ಗಾಜಿನ ಕಡ್ಡಿ ಲ್ಯಾಕ್ಟೋಮೀಟರ್ ಹೇಳೋದು ಹಾಲಿನ ಸಾಂದ್ರತೆ, ಅಂದರೆ ಇಷ್ಟು ಅಳತೆಗೆ ಎಷ್ಟು ತೂಕ ಅಂತ. ಒಳ್ಳೆ ಹಾಲು ಮಿಲಿಲೀಟರಿಗೆ ಸುಮಾರು 1.028ರಿಂದ 1.032 ಗ್ರಾಂ ತೂಗುತ್ತದೆ. ನೀರು ಬೆರೆಸಿದರೆ ಇಳಿಯುತ್ತದೆ, ಕಡ್ಡಿ ಮುಳುಗುತ್ತದೆ, ಕಳ್ಳ ಸಿಕ್ಕಿಬೀಳುತ್ತಾನೆ. ಆದರೆ ಕೆನೆಯಲ್ಲಿರುವ ಕೊಬ್ಬು ನೀರಿಗಿಂತ ಹಗುರ. ಮೊದಲು ಕೆನೆ ತೆಗೆದರೆ ಸಾಂದ್ರತೆ ಏರುತ್ತದೆ. ಆಮೇಲೆ ನೀರು ಹಾಕಿದರೆ ಇಳಿದು ಸರಿಯಾಗಿ ಹಳೇ ಜಾಗಕ್ಕೇ ಬಂದು ನಿಲ್ಲುತ್ತದೆ! ಎರಡು ಮೋಸ ಸೇರಿ ಒಂದು ಪಾಸು. ಅದಕ್ಕೇ ಡೇರಿಯಲ್ಲಿ ಫ್ಯಾಟ್ ಬೇರೆ ನೋಡುತ್ತಾರೆ. ಊರಿನಲ್ಲಿ ನೋಡಿದ ಹಾಲನ್ನು ಮೇಲಿನವರು ಮತ್ತೆ ಪರೀಕ್ಷೆ ಮಾಡುತ್ತಾರೆ.

ಸಂಸ್ಥೆಗಳದ್ದೂ ಹಾಗೇ. ಆಡಿಟ್ ವರದಿ ಒಂದನ್ನೇ ನೋಡಿದರೆ ಲೆಕ್ಕ ಚೊಕ್ಕವಾಗಿಯೇ ಇರುತ್ತದೆ. ಮುಖ್ಯಸ್ಥರು ಏನು ಮಾಡುತ್ತಿದ್ದಾರೆ ಅನ್ನೋದು ಆ ಕಾಗದದಲ್ಲಿ ಇರಲ್ಲ.

ಬೆಲರೂಸಿನಲ್ಲಿ ಆದದ್ದು ಇದೇ ಥರ. 2023ರ ಜುಲೈನಲ್ಲಿ ಅಲ್ಲಿನ ರೆಡ್ ಕ್ರಾಸ್ ಮುಖ್ಯಸ್ಥ, ರಷ್ಯಾ ವಶದಲ್ಲಿದ್ದ ಉಕ್ರೇನಿನ ಪ್ರದೇಶದಿಂದ ಮಕ್ಕಳನ್ನು ತಮ್ಮ ದೇಶಕ್ಕೆ ಕರೆತಂದದ್ದರಲ್ಲಿ ತಮ್ಮ ಸಂಸ್ಥೆಯ ಪಾತ್ರ ಇದೆ ಅಂತ ಟಿವಿಯಲ್ಲೇ ಹೇಳಿಕೊಂಡರು. ಒಕ್ಕೂಟ ತನಿಖೆ ಮಾಡಿತು. ನವೆಂಬರ್ 30ರೊಳಗೆ ಅವರನ್ನು ತೆಗೆಯಿರಿ ಅಂದಿತು. ಅಲ್ಲಿನವರು ಒಪ್ಪಲಿಲ್ಲ. ಡಿಸೆಂಬರ್ 1ಕ್ಕೆ ಸದಸ್ಯತ್ವ ಅಮಾನತು, ಹೊಸ ಹಣ ಬಂದ್. ಅದಕ್ಕಿಂತ ಜಾಸ್ತಿ ಏನೂ ಕೈಲಿರಲಿಲ್ಲ. ಬೆಲರೂಸಿನ ಸಂಸ್ಥೆಗೆ ಬೀಗವೇನೂ ಬೀಳಲಿಲ್ಲ.

ಇಷ್ಟು ನಿಧಾನವಾ ಅಂತ ಸಿಟ್ಟು ಬರುತ್ತದೆ, ಅಲ್ವಾ? 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಂ ಕೆರೆ ನೀರು, ಕಾಡು, ಮೀನುಗಾರಿಕೆಗಳನ್ನು ಜನ ಸೇರಿ ಕಾಪಾಡಿಕೊಳ್ಳೋದನ್ನು ಅಧ್ಯಯನ ಮಾಡಿದವರು. ಬಹುಕಾಲ ಉಳಿದ ಕಟ್ಟುಪಾಡುಗಳಲ್ಲಿ ಶಿಕ್ಷೆ ಸಣ್ಣದರಿಂದ ಶುರುವಾಗಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ ಅನ್ನೋದನ್ನು ಅವರು ಕಂಡುಕೊಂಡರು. ಮೊದಲ ತಪ್ಪಿಗೇ ಊರಾಚೆ ಹಾಕಿದರೆ ಊರಲ್ಲಿ ಯಾರೂ ಉಳಿಯಲ್ಲ. ಹೊರಗೆ ಹೋದವನು ಆಮೇಲೆ ಯಾರ ಮಾತೂ ಕೇಳಬೇಕಾಗಿಲ್ಲ.

ತಾವಾಗಿಯೇ ಹೊರಗೆ ಹೋದವರೂ ಇದ್ದಾರೆ. ಕಾಫಿ ಬೆಳೆಯುವ ನಮ್ಮ ಜಿಲ್ಲೆಗೆ ಈ ಜಗಳ ಚೆನ್ನಾಗಿ ಅರ್ಥವಾಗಬೇಕು. ಫೇರ್‌ಟ್ರೇಡ್ ಅನ್ನೋದು ಬೆಳೆದವರಿಗೆ ನ್ಯಾಯವಾದ ಬೆಲೆ ಸಿಗಲಿ ಅಂತ ಪ್ಯಾಕೆಟ್ ಮೇಲೆ ಹಾಕುವ ಗುರುತು. ಅದರ ಹಿಂದೆ 1997ರಲ್ಲಿ ಕಟ್ಟಿದ ಒಕ್ಕೂಟವಿದೆ. ತಪಾಸಣೆಯ ಕೆಲಸ ಬೇರೆ ಸಂಸ್ಥೆಗೆ ಕೊಟ್ಟಿದ್ದಾರೆ. ಕಾಫಿಯಲ್ಲಿ ಆ ಗುರುತು ಸಣ್ಣ ಬೆಳೆಗಾರರ ಸಂಘಗಳಿಗೆ ಮಾತ್ರ, ಎಸ್ಟೇಟುಗಳಿಗಿಲ್ಲ. ಎಸ್ಟೇಟನ್ನೂ ಸೇರಿಸಬೇಕು ಅಂತ ಅಮೆರಿಕದ ಸದಸ್ಯ ಸಂಸ್ಥೆ ಹಟ ಹಿಡಿದು, 2011ರ ಕೊನೆಗೆ ಒಕ್ಕೂಟ ಬಿಟ್ಟು ತನ್ನದೇ ಗುರುತು ಮಾಡಿಕೊಂಡಿತು. ನನಗೆ ಎರಡೂ ಕಡೆಯ ಮಾತು ಸರಿ ಅನ್ನಿಸುತ್ತದೆ. ಎರಡೆಕರೆಯವರು ಇನ್ನೂರು ಎಕರೆಯವರ ಜೊತೆ ರೇಟಿನಲ್ಲಿ ಗುದ್ದಾಡೋಕಾಗಲ್ಲ. ಆದರೆ ಸಕಲೇಶಪುರದ ಎಸ್ಟೇಟಿನಲ್ಲಿ ಹಣ್ಣು ಕೊಯ್ಯುವ ಹೆಂಗಸಿಗೆ ಸಂಘ ಸೇರೋಕೆ ಸ್ವಂತ ತೋಟ ಎಲ್ಲಿಂದ ಬರಬೇಕು?

ಈಗ ಅಮೆರಿಕದ ಅಂಗಡಿಯಲ್ಲಿ ಎರಡೂ ಗುರುತಿನ ಕಾಫಿ ಸಿಗುತ್ತದೆ. ಒಂದರಲ್ಲಿ ಎಸ್ಟೇಟಿನ ಬೀಜ ಇರಬಹುದು, ಇನ್ನೊಂದರಲ್ಲಿ ಇರಲ್ಲ. ಪ್ಯಾಕೆಟ್ ಎತ್ತಿಕೊಳ್ಳುವವರಿಗೆ ಎರಡೂ ಸುಮ್ನೆ ಒಂದೇ ಥರ ಕಾಣುತ್ತವೆ.