ಶೂ ಡಬ್ಬದಲ್ಲಿ ಬಂದ ಬಂದೂಕು

ಕಳೆದ ತಿಂಗಳು ಮತ್ತೊಬ್ಬರು ಬಂದರು. ಕೈಯಲ್ಲಿ ಎರಡು ಶೂ ಡಬ್ಬ. ಕಂಕುಳಲ್ಲಿ ಹಳೇ ಬೆಡ್‌ಶೀಟಿನಲ್ಲಿ ಸುತ್ತಿದ ನಳಿಗೆ. ಎಲ್ಲವನ್ನೂ ಕೌಂಟರ್ ಮೇಲಿಟ್ಟು, "ಎಲ್ಲಾ ಸಾಮಾನೂ ಇದೆ ಅಣ್ಣಾ, ಜೋಡಿಸಿಕೊಟ್ಟರೆ ಆಯ್ತು, ಅಷ್ಟೇ" ಅಂದರು.

ಈ "ಅಷ್ಟೇ" ಅನ್ನುವ ಮಾತು ಕೇಳಿದರೆ ಸಾಕು, ನನಗೆ ತಲೆನೋವು ಶುರು. ಒಹಾಯೋದಲ್ಲಿ ಬಂದೂಕು ರಿಪೇರಿ ಅಂಗಡಿ ಇಟ್ಟ ದಿನದಿಂದ ಇದನ್ನು ಕೇಳುತ್ತಲೇ ಬಂದಿದ್ದೇನೆ. ಇಲ್ಲಿನ ರೈತರೂ ಹೇಳುತ್ತಾರೆ, ಸಿಟಿಜನ್ ಆದ ಖುಷಿಯಲ್ಲಿ ಮೊದಲ ಬಂದೂಕು ಕೊಳ್ಳಲು ಹೊರಟ ನಮ್ಮ ಕನ್ನಡದ ಹುಡುಗರೂ ಹೇಳುತ್ತಾರೆ. ಡಬ್ಬದಲ್ಲಿ ಇರುವುದು ಮಾತ್ರ ಬಹುತೇಕ ಒಂದೇ: ಎಂ1 ಗರಾಂಡ್. ಜಾನ್ ಗರಾಂಡ್ ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯಲ್ಲಿ ಕೂತು ರೂಪಿಸಿದ, 1936ರಲ್ಲಿ ಅಮೆರಿಕದ ಸೈನ್ಯ ಒಪ್ಪಿಕೊಂಡ ರೈಫಲ್. ಎರಡನೇ ಮಹಾಯುದ್ಧ, ಕೊರಿಯಾ ಯುದ್ಧ ಎರಡನ್ನೂ ನೋಡಿದೆ. ಒಟ್ಟು 50 ಲಕ್ಷಕ್ಕೂ ಜಾಸ್ತಿ ತಯಾರಾಗಿವೆ. ಹಾಗಾಗಿ ಬಿಡಿಭಾಗ ಎಲ್ಲಿ ಬೇಕಾದರೂ ಸಿಗುತ್ತವೆ. ತೊಂದರೆ ಹುಟ್ಟುವುದೇ ಅಲ್ಲಿ.

ಮೊದಲು ದುಡ್ಡಿನ ಮಾತು ಮುಗಿಸಿಬಿಡುತ್ತೇನೆ. ಬಿಡಿಯಾಗಿ ಕೊಂಡರೆ ಅಗ್ಗ ಅನ್ನುವ ನಂಬಿಕೆ ಹಳೇ ಕಾಲದ್ದು. ಈಗ ಮಾರುವವರು ಇಡೀ ಬಂದೂಕನ್ನು ಯಾಕೆ ಬಿಚ್ಚುತ್ತಾರೆ? ಬಿಚ್ಚಿ ಮಾರಿದರೆ ಜಾಸ್ತಿ ದುಡ್ಡು ಹುಟ್ಟುತ್ತದೆ ಅಂತ ತಾನೇ? ಶಿವಾಜಿನಗರದ ಗುಜರಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರು ಲಾಭಕ್ಕೆ ಬಿಚ್ಚಿದ್ದನ್ನು ನೀವು ಮತ್ತೆ ಕೂಡಿಸಿ ಲಾಭ ಮಾಡುತ್ತೀರಿ ಅಂದರೆ ಹೇಗೆ? ಶೂ ಡಬ್ಬದವರ ಚೀಟಿಗಳನ್ನು ನಾನೇ ಕೂಡಿಸಿ ತೋರಿಸಿದೆ. 1,460 ಡಾಲರ್, ನನ್ನ ಕೂಲಿ ಬಿಟ್ಟು. ಅವರು ಎರಡು ಸಲ ಕೂಡಿಸಿ ನೋಡಿ, ಕೊನೆಗೆ "ಹೆಂಡ್ತಿಗೆ ಹೇಳಬೇಡಿ" ಅಂದರು.

ಆದರೆ ನಾನು ಬರೆಯಲು ಕೂತಿದ್ದು ದುಡ್ಡಿನ ಬಗ್ಗೆ ಅಲ್ಲ. ದುಡ್ಡು ಹೋದರೆ ಹೋಗಲಿ, ಹವ್ಯಾಸಕ್ಕೆ ಲೆಕ್ಕ ಇಡಬಾರದು. ನಾನು ಹೇಳಬೇಕಾದ್ದು ಒಂದೇ ಮಾತು: ಹೆಡ್‌ಸ್ಪೇಸ್.

ರಿಸೀವರ್ ಅಂದರೆ ಬಂದೂಕಿನ ನಡುಮನೆ. ನಂಬರ್ ಕೊರೆದಿರುವುದು ಅದರ ಮೇಲೆ. ಇಲ್ಲಿನ ಕಾನೂನಿನ ಕಣ್ಣಲ್ಲಿ ಬಂದೂಕು ಅಂದರೆ ಅದೇ. ಅದರ ಮುಂದೆ ನಳಿಗೆ ತಿರುಚಿ ಕೂರುತ್ತದೆ. ಒಳಗೆ ಬೋಲ್ಟ್ ಹಿಂದೆ ಮುಂದೆ ಓಡಾಡಿ, ತಿರುಗಿ, ಚಿಲಕ ಹಾಕಿಕೊಳ್ಳುತ್ತದೆ. ಚಿಲಕ ಬಿದ್ದಾಗ ಬೋಲ್ಟಿನ ಮುಖಕ್ಕೂ ತೋಟಾದ ಹೆಗಲು (ಕತ್ತಿನ ಕೆಳಗೆ ಅಗಲವಾಗುವ ಇಳಿಜಾರು) ತಾಗುವ ಜಾಗಕ್ಕೂ ನಡುವೆ ಇರುವ ಅಂತರವೇ ಹೆಡ್‌ಸ್ಪೇಸ್. ಗರಾಂಡ್ ನುಂಗುವ ಥರ್ಟಿ ಆಟ್ ಸಿಕ್ಸ್ (.30-06) ತೋಟಾಕ್ಕೆ ಈ ಅಂತರ ಕನಿಷ್ಠ 1.940 ಇಂಚು ಇರಬೇಕು. ಗೋ ಗೇಜ್ ಅಂದರೆ ಆ ಅಳತೆಗೆ ಮಾಡಿದ, ತೋಟಾದ ಜಾಗದಲ್ಲಿ ಇಟ್ಟು ನೋಡುವ ಉಕ್ಕಿನ ತುಂಡು. ಅದರ ಮೇಲೆ ಬೋಲ್ಟ್ ಮುಚ್ಚಿಕೊಳ್ಳಬೇಕು. ಫೀಲ್ಡ್ ಗೇಜ್ 1.950 ಇಂಚು. ಅದರ ಮೇಲೆ ಮುಚ್ಚಿಕೊಳ್ಳಬಾರದು. ಎರಡಕ್ಕೂ ನಡುವೆ ಇರುವುದು ಕಾಲು ಮಿಲಿಮೀಟರ್. ಆಫೀಸಿನ ಜೆರಾಕ್ಸ್ ಹಾಳೆ ಎರಡೂವರೆ ಒಂದರ ಮೇಲೊಂದು ಇಟ್ಟರೆ ಎಷ್ಟು ದಪ್ಪವೋ ಅಷ್ಟು.

ಮನೆಯ ಕುಕ್ಕರ್ ಕೂಗುವಾಗ ಒಳಗಿರುವ ಒತ್ತಡ ಚದರ ಇಂಚಿಗೆ ಸುಮಾರು 15 ಪೌಂಡ್. ಒಂದು ಕಂಪನಿಯ ಕುಕ್ಕರಿಗೆ ಇನ್ನೊಂದು ಕಂಪನಿಯ ಮುಚ್ಚಳ ಒತ್ತಿ ಕೂರಿಸಿ ಒಲೆ ಹಚ್ಚುತ್ತೀರಾ? ಈ ತೋಟಾದ ಒತ್ತಡದ ಮಿತಿ ಚದರ ಇಂಚಿಗೆ 60,000 ಪೌಂಡ್. ಅದು ಸಿಡಿಯುವಾಗ ನಿಮ್ಮ ಕೆನ್ನೆ ಎಲ್ಲಿರುತ್ತದೆ ಅಂತ ಯೋಚಿಸಿ. ಅಂತರ ಜಾಸ್ತಿ ಆದರೆ ಹಿತ್ತಾಳೆಯ ಕೋಶ ಹಿಗ್ಗುತ್ತದೆ, ಬುಡದ ಹತ್ತಿರ ಹರಿಯಬಹುದು, ಬಿಸಿ ಅನಿಲ ಹಿಂದಕ್ಕೆ ನುಗ್ಗಬಹುದು. ಕಮ್ಮಿ ಆದರೆ ಬೋಲ್ಟಿನ ಚಿಲಕ ಪೂರ್ತಿ ಬೀಳುವುದಿಲ್ಲ, ಅದೂ ಅಪಾಯವೇ. ಪ್ರತಿ ಸಲವೂ ಹೀಗೇ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಆಗದೆಯೂ ಇರಬಹುದು. ನೂರು ಗುಂಡು ಏನೂ ಆಗದೆ ಹಾರಿಸಿದವರು ಇದ್ದಾರೆ. ಅವರೇ ಬಂದು ನನ್ನ ಹತ್ತಿರ ವಾದ ಮಾಡುವುದು.

ಇನ್ನೊಮ್ಮೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಈ ಅಳತೆ ಬೋಲ್ಟಿನದ್ದಲ್ಲ. ನಳಿಗೆಯದ್ದೂ ಅಲ್ಲ, ರಿಸೀವರಿನದ್ದೂ ಅಲ್ಲ. ಮೂರೂ ಸೇರಿದಾಗ ಹುಟ್ಟುವ ಅಳತೆ ಇದು. "ಈ ಬೋಲ್ಟ್ ಹೆಡ್‌ಸ್ಪೇಸ್ ಪಾಸ್ ಆಗಿದೆ ಅಂತ ಮಾರಿದವರು ಹೇಳಿದ್ದಾರೆ" ಅನ್ನುತ್ತಾರೆ ಜನ. ಪಾಸ್ ಆಗಿದ್ದು ಯಾರ ಮನೆಯಲ್ಲಿ? ನಿಮ್ಮ ನಳಿಗೆಯ ಎದುರು ಅದು ಒಂದು ಸಲವೂ ನಿಂತಿಲ್ಲವಲ್ಲ. ಮೂರರಲ್ಲಿ ಒಂದನ್ನು ಬದಲಿಸಿದರೂ ಗೇಜ್ ಹಾಕಿ ಮತ್ತೆ ನೋಡಲೇಬೇಕು. ನೋಡೋಕೆ ಚಂದ ಅಂತ ಬೋಲ್ಟ್ ಒಂದನ್ನೇ ಬದಲಿಸಿದರೂ ಅಷ್ಟೇ. ನೋಡಿ, ಈಗ ನಾನೂ "ಅಷ್ಟೇ" ಅಂದೆ.

ಬುದ್ಧಿವಂತರು ಒಂದು ಪಾಟೀಸವಾಲು ಇಟ್ಟುಕೊಂಡೇ ಬರುತ್ತಾರೆ: "ಸೈನ್ಯದವರೂ ಬಿಚ್ಚಿ ಬೆರೆಸಿ ಜೋಡಿಸಿದ್ದಾರಲ್ಲ?" ನಿಜ. ಯುದ್ಧ ಮುಗಿದ ಮೇಲೆ ಗರಾಂಡ್‌ಗಳು ಸೈನ್ಯದ ರಿಪೇರಿ ಕಾರ್ಖಾನೆಗೆ ಹೋದವು. ಸ್ಪ್ರಿಂಗ್‌ಫೀಲ್ಡ್ ರಿಸೀವರಿಗೆ ವಿಂಚೆಸ್ಟರ್ ಕಂಪನಿಯ ಬೋಲ್ಟ್ ಬಂತು, ಇನ್ಯಾರದೋ ಟ್ರಿಗರ್ ಬಂತು. 1950ರ ದಶಕದಲ್ಲಿ ಗರಾಂಡ್ ತಯಾರಿಸಿದವರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕೂಡ ಇತ್ತು. ಅದೇ, ಮುಂದೆ ನಮ್ಮ ಮಹೀಂದ್ರಾ ಜೊತೆ ಸೇರಿ ಟ್ರ್ಯಾಕ್ಟರ್ ಮಾಡಿದ ಕಂಪನಿ. ಬಿಡಿಭಾಗಗಳು ಅದಲು ಬದಲಾಗಲಿ ಅಂತಲೇ ಮಾಡಿದ್ದು, ಒಪ್ಪಿದೆ. ಆದರೆ ಆ ಕಾರ್ಖಾನೆಯಲ್ಲಿ ಕೂತವನ ಪಕ್ಕದಲ್ಲಿ ಗೇಜ್ ಇತ್ತು, ಬುಟ್ಟಿ ತುಂಬ ಬೋಲ್ಟ್ ಇತ್ತು. ಒಂದು ಹೊಂದದಿದ್ದರೆ ಪಕ್ಕಕ್ಕಿಟ್ಟು ಇನ್ನೊಂದನ್ನು ತೆಗೆದುಕೊಳ್ಳುತ್ತಿದ್ದ. ನಿಮ್ಮ ಹತ್ತಿರ ಇರುವುದು ಒಂದೇ ಬೋಲ್ಟ್. ಅದೂ ಹರಾಜಿನಲ್ಲಿ ಜಾಸ್ತಿ ದುಡ್ಡು ಕೊಟ್ಟು ತಂದದ್ದು. ಅದನ್ನು ಪಕ್ಕಕ್ಕಿಡಲು ನಿಮಗೆ ಮನಸ್ಸೇ ಬರುವುದಿಲ್ಲ.

ಬ್ರಿಟಿಷರ ಲೀ-ಎನ್‌ಫೀಲ್ಡ್ ನಂಬರ್ 4ರಲ್ಲಿ ಇದಕ್ಕೆ ಸೊಗಸಾದ ಉಪಾಯ ಇತ್ತು. ಬೋಲ್ಟಿನ ತಲೆ ಬೇರೆ, ಮೈ ಬೇರೆ. ತಲೆಗೆ 0, 1, 2, 3 ಅಂತ ನಂಬರ್. ನಂಬರ್ ಏರಿದ ಹಾಗೆ ತಲೆ ಕೂದಲೆಳೆಯಷ್ಟು ಉದ್ದ. ಸವೆದಿದ್ದರೆ ಮುಂದಿನ ನಂಬರಿನ ತಲೆ ಹಾಕು. ನಮ್ಮೂರ ಪೊಲೀಸರ ಹೆಗಲ ಮೇಲೆ ನೀವು ನೋಡಿದ .303 ಇದೇ ವಂಶದ್ದು. ಬಂಗಾಳದ ಇಶಾಪುರದಲ್ಲಿ ತಯಾರಾದವೂ ಬೇಕಾದಷ್ಟಿವೆ. ಗರಾಂಡ್‌ನಲ್ಲಿ ಮಾತ್ರ ಈ ತಲೆ ಬದಲಿಸುವ ಸೌಕರ್ಯ ಇಲ್ಲ.

ನಾನು ಕೊಡಗಿನವನು. ಅಲ್ಲಿ ಕೊಡವರಿಗೆ, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಬಂದೂಕು ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಅದು 2029ರವರೆಗೆ ಮುಂದುವರಿದಿದೆ. ಹಾಗಾಗಿ "ನಿಮಗೆ ಕೋವಿ ಅಂದರೆ ಆಟದ ಸಾಮಾನು ಬಿಡಿ" ಅಂತ ಜನ ತಮಾಷೆ ಮಾಡುತ್ತಾರೆ. ನಮ್ಮ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ಕೋವಿ ತೊಳೆದು, ಒರೆಸಿ, ನಳಿಗೆಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆಗೆ ಇಡುವುದು ನಮ್ಮಲ್ಲಿ ಪದ್ಧತಿ. ಆದರೆ ಪೂಜೆಗೆ ಇಡುವ ಮುಂಚೆ ಅಜ್ಜ ತನ್ನ ಜೋಡು ನಳಿಗೆ ಕೋವಿಯನ್ನು ಮುಚ್ಚಿ, ಕಿಟಕಿಯ ಕಡೆ ಎತ್ತಿ ಹಿಡಿಯುತ್ತಿದ್ದರು. ನಳಿಗೆಯ ಬುಡದಲ್ಲಿ ಬೆಳಕು ತೂರುತ್ತದಾ ಅಂತ ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಒಂದು ವರ್ಷ ಬೆಳಕು ಕಂಡಿತು. ಅಜ್ಜ ಏನೂ ಮಾತಾಡದೆ ಕೋವಿಯನ್ನು ಗೋಣಿಯಲ್ಲಿ ಸುತ್ತಿ ರಿಪೇರಿಯವರ ಹತ್ತಿರ ಕಳಿಸಿದರು. ಆ ವರ್ಷ ತೆಂಗಿನಕಾಯಿಗೆ ಗುರಿ ಇಡಲು ಪಕ್ಕದ ಮನೆಯ ಕೋವಿ ಬಂತು. ಅಜ್ಜನಿಗೆ ಗೇಜ್ ಅನ್ನುವ ಪದವೇ ಗೊತ್ತಿರಲಿಲ್ಲ.

ಇನ್ನೊಬ್ಬರ ಕಥೆ ಹೇಳಲೇಬೇಕು. ಮೆಕ್ಯಾನಿಕಲ್ ಇಂಜಿನಿಯರ್ ಬೇರೆ. ಗರಾಂಡ್‌ನ ಆಪರೇಟಿಂಗ್ ರಾಡ್ ಸೊಟ್ಟಗೇ ಇರುತ್ತದೆ. ನಳಿಗೆಗೆ ತಾಗದೆ ಓಡಾಡಲಿ ಅಂತ ಬೇಕೆಂದೇ ಬಗ್ಗಿಸಿ ಮಾಡಿದ್ದಾರೆ. ಇವರು ಅದನ್ನು ಅಂಚೆಯಲ್ಲಿ ಬಗ್ಗಿ ಬಂದಿದೆ ಅಂದುಕೊಂಡು, ಗ್ಯಾರೇಜಿನಲ್ಲಿ ವೈಸ್‌ಗೆ ಕಚ್ಚಿಸಿ, ಒಂದು ಭಾನುವಾರ ಪೂರ್ತಿ ಕೂತು ನೆಟ್ಟಗೆ ಮಾಡಿದರು. ಎಷ್ಟು ನೆಟ್ಟಗೆ ಅಂದರೆ, ಗೆರೆ ಎಳೆಯಬಹುದಿತ್ತು! ಬೈಯಲೂ ಮನಸ್ಸಾಗಲಿಲ್ಲ, ಕಾಫಿ ಮಾಡಿ ಕೊಟ್ಟೆ.

ಹಾಗಾದರೆ ಏನು ಮಾಡಬೇಕು? ಮೊದಲ ಬಂದೂಕಾದರೆ ಪೂರ್ತಿ ಇರುವುದನ್ನೇ ಕೊಳ್ಳಿ. ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ ಅಂತ ಇದೆ, ಸಿಎಂಪಿ ಅನ್ನುತ್ತಾರೆ. ಸೈನ್ಯದಿಂದ ವಾಪಸ್ ಬಂದ ಗರಾಂಡ್‌ಗಳನ್ನು ಪರೀಕ್ಷಿಸಿ, ಹೆಡ್‌ಸ್ಪೇಸ್ ನೋಡಿ, ಗುಂಡು ಹಾರಿಸಿ ನೋಡಿಯೇ ಮಾರುತ್ತಾರೆ. ಕೊಳ್ಳಲು ಸಿಟಿಜನ್ ಆಗಿರಬೇಕು, ಅವರು ಒಪ್ಪಿದ ಕ್ಲಬ್ಬಿನ ಸದಸ್ಯರಾಗಿರಬೇಕು. ಎಚ್‌1ಬಿಯಲ್ಲಿ ಇರುವವರು ಸುಮ್ನೆ ಆಸೆ ಪಡಬೇಡಿ. ರಾಜ್ಯದಿಂದ ರಾಜ್ಯಕ್ಕೆ ಕಾನೂನು ಬೇರೆ, ನಾನು ವಕೀಲನಲ್ಲ; ನಿಮ್ಮ ರಾಜ್ಯದ್ದನ್ನು ನೀವೇ ವಿಚಾರಿಸಿಕೊಳ್ಳಿ. ಇಷ್ಟಾದರೂ ಕೈ ಕಡಿಯುತ್ತಿದೆ, ಕಟ್ಟಲೇಬೇಕು ಅಂದರೆ ಮೊದಲು ರಿಸೀವರ್ ಒಂದನ್ನೇ ತಂದು ತೋರಿಸಿ. ಹಿಂದೆ ಗುಜರಿಗೆ ಹೋದ, ಎರಡು ತುಂಡಾಗಿ ಕತ್ತರಿಸಿದ ರಿಸೀವರುಗಳನ್ನು ವೆಲ್ಡ್ ಮಾಡಿ ಮಾರಿದ ಪುಣ್ಯಾತ್ಮರಿದ್ದಾರೆ. ಅಂಥದ್ದು ಬಂದರೆ ನಾನು ಕೈ ಹಾಕುವುದಿಲ್ಲ, ಎಷ್ಟು ದುಡ್ಡು ಕೊಟ್ಟರೂ.

ಶೂ ಡಬ್ಬದವರ ರಿಸೀವರ್ ಚೆನ್ನಾಗಿತ್ತು, ಅವರ ಅದೃಷ್ಟ. ನಳಿಗೆ ಕೂರಿಸಿದೆ. ಅವರು ತಂದ ಬೋಲ್ಟ್ ಹಾಕಿ ಫೀಲ್ಡ್ ಗೇಜ್ ಇಟ್ಟರೆ, ಬೆಣ್ಣೆಯ ಹಾಗೆ ಮುಚ್ಚಿಕೊಂಡಿತು. ಅವರು ನಕ್ಕರು, ಮುಚ್ಚಿಕೊಂಡರೆ ಒಳ್ಳೆಯದು ಅಂದುಕೊಂಡು. ನನ್ನ ಡ್ರಾಯರಿನಿಂದ ಒಂದೊಂದೇ ಹಾಕಿ ನೋಡಿದೆ. ನಾಲ್ಕನೆಯದು ಹೊಂದಿತು. ಬಣ್ಣ ಹೋದ, ಗೀರು ಬಿದ್ದ ಬೋಲ್ಟ್. "ಇದು ವಿಂಚೆಸ್ಟರ್ ಅಲ್ವಲ್ಲಾ ಅಣ್ಣಾ" ಅಂತ ಮುಖ ಸಣ್ಣ ಮಾಡಿಕೊಂಡೇ ತೆಗೆದುಕೊಂಡು ಹೋದರು.

ಅವರ ಫಳಫಳ ಹೊಳೆಯುವ ಬೋಲ್ಟ್‌ನಲ್ಲಿ ದೋಷವೇನೂ ಇರಲಿಲ್ಲ, ಆ ಮನೆಗೆ ಹೊಂದಲಿಲ್ಲ. ಅವತ್ತು ರಾತ್ರಿಯೇ ಅದನ್ನು ಹರಾಜಿಗೆ ಹಾಕಿದರಂತೆ, "ಗನ್‌ಸ್ಮಿತ್ ನೋಡಿದ್ದಾರೆ" ಅಂತ ಬರೆದು.