ಹತ್ತಿದ್ದು ಸಾಕು, ಇಳಿಯೋದನ್ನು ಕಲಿಯಿರಿ

"ಮೆಟ್ಟಿಲು ಇಳಿದು ತೋರಿಸು" ಎಂದೆ ವಿಡಿಯೋ ಕರೆಯಲ್ಲಿ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಕೆಲಸ ಮಾಡುವ ಮೈಸೂರಿನ ಹುಡುಗ ಫೋನನ್ನು ಗೋಡೆಗೆ ಒರಗಿಸಿ, ಕಂಬಿ ಹಿಡಿದು, ಹಿಮ್ಮುಖವಾಗಿ ಒಂದೊಂದೇ ಮೆಟ್ಟಿಲು ಇಳಿದ. ಎರಡು ದಿನದ ಹಿಂದೆ ಯಾರ್ಕ್‌ಶೈರ್‌ನ ಮೂರು ಬೆಟ್ಟಗಳನ್ನು ಒಂದೇ ದಿನದಲ್ಲಿ ಮುಗಿಸಿ ಬಂದಿದ್ದ.

"ರಜೆಗೆ ಬಂದಾಗ ಎರಡು ವಾರ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ದಿನಾ ಹತ್ತಿದ್ದೆ ಮೇಡಂ."

"ಇಳಿಯೋದು?"

"ಬಸ್ಸಲ್ಲಿ."

ಫಿಸಿಯೋಥೆರಪಿಸ್ಟ್ ಆದ ನನಗೆ ಅವನ ನೋವಿನ ಕಾರಣ ತಿಳಿಯಲು ಅಷ್ಟು ಸಾಕಾಯಿತು.

ಆ ಮೂರು ಬೆಟ್ಟಗಳ ಎತ್ತರ: ಪೆನ್-ಇ-ಗೆಂಟ್ 694 ಮೀಟರ್, ವರ್ನ್‌ಸೈಡ್ 736, ಇಂಗಲ್‌ಬರೋ 723. ಮೈಸೂರು ಊರೇ ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ! ಆದರೆ ಮೂರೂ ಸೇರಿ ಹತ್ತುವುದು 1,500 ಮೀಟರ್‌ಗೂ ಜಾಸ್ತಿ, ನಡೆಯುವುದು ಸುಮಾರು 39 ಕಿಲೋಮೀಟರ್. ಹೊರಟಲ್ಲಿಗೇ ವಾಪಸ್ ಬರುವ ದಾರಿ, ಹಾಗಾಗಿ ಹತ್ತಿದಷ್ಟೂ ಇಳಿಯಲೇಬೇಕು. ಇದನ್ನು 12 ಗಂಟೆಯೊಳಗೆ ಮುಗಿಸುವುದು ಅಲ್ಲಿನ ರೂಢಿ. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಕೊಟ್ಟ ನಡಿಗೆಯ ಸಮಯದ ಲೆಕ್ಕ ಇವತ್ತಿಗೂ ಕೆಲಸಕ್ಕೆ ಬರುತ್ತದೆ: 5 ಕಿಲೋಮೀಟರಿಗೆ ಒಂದು ಗಂಟೆ, ಹತ್ತುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಊಟ, ವಿಶ್ರಾಂತಿ ಬಿಟ್ಟೇ ಹತ್ತು ಗಂಟೆ ದಾಟುತ್ತದೆ.

ಹತ್ತುವಾಗ ಏದುಸಿರು ಬರುತ್ತದೆ, ಅದಕ್ಕೇ ಎಲ್ಲರೂ ಹತ್ತುವುದನ್ನೇ ಅಭ್ಯಾಸ ಮಾಡುತ್ತಾರೆ. ಇಳಿಯುವಾಗ ಉಸಿರು ಸಲೀಸು, ಕೆಲಸವೆಲ್ಲ ತೊಡೆಯದು. ತೊಡೆಯ ಮುಂಭಾಗದ ಸ್ನಾಯು ಉದ್ದಕ್ಕೆ ಹಿಗ್ಗುತ್ತಲೇ ಮೈಭಾರವನ್ನು ಬ್ರೇಕಿನ ಹಾಗೆ ತಡೆಯಬೇಕು. ಹೀಗೆ ದುಡಿದಾಗ ಸ್ನಾಯುವಿನ ಎಳೆಗಳು ಸಣ್ಣ ಸಣ್ಣದಾಗಿ ಘಾಸಿಯಾಗುತ್ತವೆ. ಒಂದರಿಂದ ಮೂರು ದಿನದ ನಂತರ ಹಿಂಡುವ ನೋವು ಇದರದ್ದು. ಲ್ಯಾಕ್ಟಿಕ್ ಆಸಿಡ್ ಕಟ್ಟಿಕೊಂಡಿದೆ ಅಂತಾರಲ್ಲ, ಅದು ತಪ್ಪು. ಅದು ಒಂದೆರಡು ಗಂಟೆಯಲ್ಲೇ ಇಳಿದುಹೋಗಿರುತ್ತದೆ. ಒಂದೇ ಬೆಟ್ಟವಾದರೆ ನೋವು ಶುರುವಾಗುವಷ್ಟರಲ್ಲಿ ಮನೆಯಲ್ಲಿರುತ್ತೀರಿ. ಮೂರಾದರೆ ದಣಿದ ತೊಡೆಯಲ್ಲೇ ಕೊನೆಯ ಇಳಿಜಾರು ಇಳಿಯಬೇಕು. ಆಗ ಬ್ರೇಕ್ ಸರಿಯಾಗಿ ಹಿಡಿಯದೆ, ಪ್ರತಿ ಹೆಜ್ಜೆಯ ಏಟೂ ಮಂಡಿಗೆ ಬೀಳುತ್ತದೆ.

ಖುಷಿಯ ವಿಷಯ ಏನೆಂದರೆ, ಸ್ನಾಯು ಇದನ್ನು ಬೇಗ ಕಲಿಯುತ್ತದೆ. ಒಮ್ಮೆ ಇಳಿದು ನೋವು ತಿಂದ ತೊಡೆ ಮುಂದಿನ ಕೆಲವು ವಾರ ಅಷ್ಟು ನೋಯುವುದಿಲ್ಲ. ಅದಕ್ಕೇ ಅಪಾರ್ಟ್‌ಮೆಂಟಿನವರಿಗೆ ನಾನು ಹೇಳುವುದು: ಲಿಫ್ಟ್‌ನಲ್ಲಿ ಹತ್ತಿ, ಮೆಟ್ಟಿಲಲ್ಲಿ ಇಳಿಯಿರಿ. ನಾಲ್ಕು ಮಹಡಿಯಿಂದ ಶುರು ಮಾಡಿ, ವಾರಕ್ಕೆ ಎರಡು ಸಲ, ಪಾದವನ್ನು ಧಡಾರನೆ ಹಾಕದೆ ಮೆಲ್ಲಗೆ. ದೊಡ್ಡ ನಡಿಗೆಗೆ ಎರಡು ವಾರ ಇರುವಾಗ ಒಂದು ಉದ್ದದ ಇಳಿಜಾರು ಇಳಿದುಬಿಡಿ. ಕೈಗೆ ಎರಡು ಕೋಲಿರಲಿ, ಮಂಡಿಯ ಭಾರ ಸ್ವಲ್ಪ ತೋಳಿಗೆ ಹೋಗುತ್ತದೆ.

ಮುಂಚೆಯೇ ನೋವಿನ ಮಾತ್ರೆ ನುಂಗಿ ಹೊರಡುವವರನ್ನು ಕಂಡರೆ ನನಗೆ ನಿಜಕ್ಕೂ ಭಯ. ಬೆವರಿ ನೀರಿಲ್ಲದ ಮೈಗೆ ಐಬುಪ್ರೊಫೆನ್‌ನಂಥ ಮಾತ್ರೆ ಬಿದ್ದರೆ ಕಿಡ್ನಿಗೆ ಪೆಟ್ಟು ಬೀಳಬಹುದು. ನಡೆದ ಮೇಲೆ ಮೂತ್ರ ಕೋಲಾ ಪಾನೀಯದಂಥ ಕಂದು ಬಣ್ಣಕ್ಕೆ ತಿರುಗಿದರೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಮಂಡಿ ಊದಿಕೊಂಡರೆ, ಸಿಕ್ಕಿಹಾಕಿಕೊಂಡಂತೆ ನಿಂತುಬಿಟ್ಟರೆ ಡಾಕ್ಟರಿಗೆ ತೋರಿಸಿ.

ನಮ್ಮ ಹುಡುಗನಿಗೆ ಇದ್ಯಾವುದೂ ಇರಲಿಲ್ಲ. ವಾರ ಕಳೆದು ಮತ್ತೆ ಕರೆ ಮಾಡಿದ. ಈ ಸಲ ಕಂಬಿ ಹಿಡಿಯದೆ, ಮುಂದೆ ನೋಡಿಕೊಂಡೇ ಇಳಿದ.