ಹೊಳಪು ಇಳಿಯುವುದೋ, ಆರಿಹೋಗುವುದೋ?

ಪ್ರಶ್ನೆ: ಕ್ಯುವೆಟ್‌ನಲ್ಲಿ (ಅಳತೆಗೆ ಬಳಸುವ ಚಿಕ್ಕ ಪಾರದರ್ಶಕ ಪಾತ್ರೆಯಲ್ಲಿ) ರೋಡಮಿನ್ ಬಿ ಎಂಬ ಬಣ್ಣದ ದ್ರಾವಣದ ಪ್ರತಿದೀಪ್ತಿ, ಅಂದರೆ ಬೆಳಕು ಹೀರಿ ಮರಳಿ ಸೂಸುವ ಹೊಳಪು, ನಿಧಾನವಾಗಿ ಇಳಿಯುತ್ತದೆ. ಒಂಟಿ ಅಣುವಿನ ಗ್ರಾಫ್‌ನಲ್ಲಿ ಮಾತ್ರ ಒಮ್ಮೆಲೇ ಕೆಳಗೆ ಬೀಳುತ್ತದೆ. ಏಕೆ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ರಾತ್ರಿ ನೃಪತುಂಗ ಬೆಟ್ಟದ ಮೇಲೆ ನಿಂತು ನೋಡಿ. ಹೊತ್ತೇರಿದಂತೆ ಹುಬ್ಬಳ್ಳಿಯ ಬೆಳಕು ಮೆಲ್ಲಗೆ ಕರಗುತ್ತದೆ. ಆದರೆ ಯಾವ ಮನೆಯ ದೀಪವೂ ಮೆಲ್ಲಗೆ ಆರುವುದಿಲ್ಲ, ಸ್ವಿಚ್ ಒತ್ತಿದೊಡನೆ ಆರುತ್ತದೆ. ಕ್ಯುವೆಟ್‌ನಲ್ಲಿ ನೀವು ಕಾಣುವುದು ಇಡೀ ಊರನ್ನು.

ಬೆಳಕು ಹೀರಿದ ಅಣು ಕೆಲವು ನ್ಯಾನೊಸೆಕೆಂಡುಗಳಲ್ಲಿ ಫೋಟಾನ್ ಸೂಸಿ ಕೆಳಗಿಳಿಯುತ್ತದೆ. ಅಪರೂಪಕ್ಕೊಮ್ಮೆ ಟ್ರಿಪ್ಲೆಟ್ ಎಂಬ ಹೊಳೆಯದ ಸ್ಥಿತಿಗೆ ಜಾರುತ್ತದೆ. ಅಲ್ಲಿ ಸಾವಿರ ಪಟ್ಟು ಹೆಚ್ಚು ಹೊತ್ತು ಉಳಿಯುವುದರಿಂದ, ಕರಗಿದ ಆಮ್ಲಜನಕದೊಂದಿಗೆ ವರ್ತಿಸಿ ಕೆಡುವ ಅವಕಾಶ ಒದಗುತ್ತದೆ. ಇದೇ ಫೋಟೋಬ್ಲೀಚಿಂಗ್. ಒಳ್ಳೆಯ ಬಣ್ಣದ ಅಣು ಕೆಡುವ ಮುನ್ನ ಸುಮಾರು ಒಂದು ಲಕ್ಷದಿಂದ ಹತ್ತು ಲಕ್ಷ ಫೋಟಾನ್ ಸೂಸುತ್ತದೆ. ಫ್ಲೋರೆಸಿನ್ ಎಂಬ ಬಣ್ಣ ಅಷ್ಟು ಬಾಳುವುದಿಲ್ಲ. ಅಣುವಿಗೆ ಮುಪ್ಪಿಲ್ಲ, ಬೆಳಕು ಹೀರಿ ಸೂಸುವ ಪ್ರತಿ ಸುತ್ತಿನಲ್ಲೂ ಕೆಡುವ ಸಂಭವ ಒಂದೇ. ಹೀಗೆ ತಂತಮ್ಮ ಸರದಿಯಲ್ಲಿ ಆರುವ ಕೋಟ್ಯಂತರ ಅಣುಗಳನ್ನು ಕೂಡಿಸಿದರೆ ನುಣುಪಾದ ಘಾತೀಯ ಇಳಿತ ಸಿಗುತ್ತದೆ.

ಆಮ್ಲಜನಕವನ್ನು ಪೂರ್ತಿ ದೂರುವಂತಿಲ್ಲ. ಅಣುವನ್ನು ಟ್ರಿಪ್ಲೆಟ್‌ನಿಂದ ಬಿಡಿಸುವುದೂ ಅದೇ. ಗ್ಲೂಕೋಸ್ ಆಕ್ಸಿಡೇಸ್ ಮತ್ತು ಕ್ಯಾಟಲೇಸ್ ಎಂಬ ಕಿಣ್ವಗಳನ್ನು ಬಳಸಿ ಆಮ್ಲಜನಕ ತೆಗೆದರೆ ಅಣುವಿನ ಆಯುಷ್ಯ ಹೆಚ್ಚುತ್ತದೆ, ಜೊತೆಗೆ ಮಿಣುಕಾಟವೂ ಹೆಚ್ಚುತ್ತದೆ. ಅದನ್ನು ತಗ್ಗಿಸಲು ಟ್ರೋಲಾಕ್ಸ್ ಎಂಬ ರಾಸಾಯನಿಕ ಬೆರೆಸುತ್ತಾರೆ.

ಒಮ್ಮೆಲೇ ಬೀಳುವ ಈ ಗುಣ ಉಪಕಾರಿಯೂ ಹೌದು. ಘಟಕಕ್ಕೊಂದರಂತೆ ಬಣ್ಣದ ನಾಲ್ಕು ಅಣುಗಳನ್ನು ಹೊತ್ತ ಪ್ರೋಟೀನ್ ನಾಲ್ಕು ಮೆಟ್ಟಿಲಿಳಿದು ಆರುತ್ತದೆ. ಮೆಟ್ಟಿಲು ಎಣಿಸಿ ಘಟಕಗಳನ್ನು ಎಣಿಸಬಹುದು. ಕೆಲವು ಬಣ್ಣಗಳು ಮೊದಲೇ ಕೆಟ್ಟಿರುತ್ತವೆ ಎಂಬುದನ್ನು ಮಾತ್ರ ಮರೆಯಬಾರದು.

ಕ್ಯುವೆಟ್ ಗ್ರಾಫ್‌ನಿಂದಲೇ ಅಣುವಿನ ಆಯುಷ್ಯ ಲೆಕ್ಕ ಹಾಕಿದ್ದರೆ ನಾನಂತೂ ಅದನ್ನು ನಂಬುವುದಿಲ್ಲ. ದೀಪದ ಕಿರಣ ದ್ರಾವಣದ ಒಂದು ಪಟ್ಟಿಯನ್ನಷ್ಟೇ ಬೆಳಗುತ್ತದೆ. ಕೆಟ್ಟ ಅಣುಗಳ ಜಾಗಕ್ಕೆ ಹೊಸವು ಬರುತ್ತಲೇ ಇರುತ್ತವೆ. ಶಟರ್ ಮುಚ್ಚಿ, ಕಲಕಿ, ಮತ್ತೆ ಅಳೆಯಿರಿ. ಹೊಳಪು ಬಹುಪಾಲು ಮರಳಿದರೆ ಕೆಟ್ಟದ್ದು ಆ ಪಟ್ಟಿಯಷ್ಟೇ. ಮರಳದಿದ್ದರೆ ಹೀರುವಿಕೆಯ ರೋಹಿತ (ಯಾವ ತರಂಗಾಂತರದ ಬೆಳಕನ್ನು ಎಷ್ಟು ಹೀರುತ್ತದೆ ಎಂಬ ಗ್ರಾಫ್) ನೋಡಿ. ಬಣ್ಣ ಕೆಟ್ಟಿದ್ದರೆ ಅದೂ ಇಳಿದಿರುತ್ತದೆ. ಬೇರೇನೋ ಬೆರೆತು ಹೊಳಪನ್ನು ಕುಂದಿಸುತ್ತಿದ್ದರೆ ಸಾಮಾನ್ಯವಾಗಿ ಅಷ್ಟಾಗಿ ಬದಲಾಗಿರುವುದಿಲ್ಲ.

ಏಪ್ರಿಲ್ ಮಧ್ಯಾಹ್ನದ ಅಳತೆಯಾದರೆ ಕೋಣೆಯ ಉಷ್ಣತೆಯನ್ನೂ ಬರೆದಿಡಿ. ರೋಡಮಿನ್ ಬಿ ಹೊಳಪು ಉಷ್ಣತೆ ಏರಿದ ಪ್ರತಿ ಡಿಗ್ರಿಗೆ ಸುಮಾರು ಶೇ. 2ರಷ್ಟು ಕುಗ್ಗುತ್ತದೆ. ಅದು ಫೋಟೋಬ್ಲೀಚಿಂಗ್ ಅಲ್ಲ, ದ್ರಾವಣ ತಣಿದರೆ ಸರಿಹೋಗುತ್ತದೆ.